ಗದಗ ರೋಡಿನ್ಯಾಗ ಕೆಂಪು ಗಿಂಡಿ ಮಿಣಮಿಣ ಅಂತೈತಿ: ಸ್ವಿಚ್ ಹೋಗೇತೋ, ಖರೇನ ಆಯಿಲ್ ಪ್ರೆಶರ್ ಇಲ್ಲೋ?

ಉಣಕಲ್ ಸವಾರ · ಶನಿವಾರ, ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ ಯಾವ ಕಂಪನಿದು ಅಂತ ಬರ್ಯಾಂಗಿಲ್ಲ. ಬರದ್ರ ಆಯಿಲ್ ಮಾತು ಬಿಟ್ಟು ಕಂಪನಿ ಜಗಳಾನ ಚಾಲೂ ಆಗ್ತೈತಿ. ಎರಡು ಸಿಲಿಂಡರ್, ರೇಡಿಯೇಟರ್ ಇರೂ ಗಾಡಿ, 2017ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಓಡಿದ್ದು 41,000 ಕಿ.ಮೀ.

ಇವತ್ತ ನಸುಕಿನ್ಯಾಗ ಹುಬ್ಬಳ್ಳಿ ಬಿಟ್ಟು ಕಪ್ಪತಗುಡ್ಡಕ್ಕ ಹೊಂಟಿದ್ದೆ. ಅಣ್ಣಿಗೇರಿ ದಾಟಿದ ಮ್ಯಾಲೆ ರಸ್ತೆ ಖಾಲಿ ಇತ್ತು, ಸ್ವಲ್ಪ ಜಗ್ಗಿದೆ. ಮೀಟರಿನ್ಯಾಗ ಕೆಂಪು ಲೈಟ್ ಮಿಣಕ್ ಅಂತು. ಎಣ್ಣಿ ಗಿಂಡಿ ಚಿತ್ರ ಇರ್ತೈತಲ್ಲ, ಮೂತಿಯಿಂದ ಒಂದು ಹನಿ ಬೀಳೂದು, ಅದ. ಎದುರಿಗೆ ಸೂರ್ಯ ಇದ್ದ, ಕಣ್ಣು ಕುಕ್ಕಿ ಹಂಗ ಕಂಡಿರಬೇಕು ಅನಕೊಂಡೆ. ಆದ್ರ ಎಕ್ಸಿಲೇಟರ್ ಬಿಟ್ರ ಆರ್ತೈತಿ, ಮತ್ತ ಕೊಟ್ರ ಹತ್ತತೈತಿ. ಗದಗ ಇನ್ನೂ ಮುಂದಿತ್ತು. ಅಲ್ಲೇ ಒಂದು ಬೇವಿನ ಗಿಡದ ಕೆಳಗ ನಿಂದ್ರಿಸಿ ನೋಡಿದೆ. ಇಂಜಿನ್ನಿಗೆ ಆಯಿಲ್ ನೋಡಾಕ ಇರೂ ಗಾಜಿನ ಕಿಟಕಿಯೊಳಗ ಆಯಿಲ್ ಬರೋಬ್ಬರಿ ನಡುವ ಐತಿ. ಕೆಳಗ ಎಲ್ಲೂ ಸೋರಿಲ್ಲ. ಇಂಜಿನ್ ಸಪ್ಪಳನೂ ಬದಲಾಗಿಲ್ಲ. ಗುಡ್ಡದ ಆಸೆ ಬಿಟ್ಟು 50ರ ಸ್ಪೀಡಿನ್ಯಾಗ ಹೊಳ್ಳಿ ಬಂದೆ. ಬರೂಮುಂದ ಒಂದ್ ಸಲನೂ ಹತ್ತಲಿಲ್ಲ.

ಏನ್ ಮಾಡ್ಲಿ?

ಗಿರ್ಮಿಟ್ ಪ್ರಿಯ · ರಾತ್ರಿ 9:52

ಸೆನ್ಸರ್ (ಆ ಪ್ರೆಶರ್ ನೋಡೂ ಸ್ವಿಚ್) ಹೋಗೇತಿ ಅಣ್ಣಾ. ನಂದೂ ಹಂಗ ಆಗಿತ್ತು. ಹೊಸಾದು ಹಚ್ಚು, ಇಲ್ಲಂದ್ರ ಹಂಗ ಓಡ್ಸು. ಆಯಿಲ್ ಲೆವೆಲ್ ಸರಿ ಐತಿ ಅಂದ ಮ್ಯಾಲೆ ತಲಿ ಯಾಕ ಕೆಡಿಸ್ಕೊತಿ?

ಎರಿ ಹೊಲ · ರಾತ್ರಿ 10:05

ನರಗುಂದದಿಂದ ಬರೀತೀನಿ. ನನ್ನ ಸ್ಪ್ಲೆಂಡರಿಗೆ ಆ ಲೈಟ ಇಲ್ಲ. ಹನ್ನೆರಡು ವರ್ಷ ಆತು, ಹೊಲಕ್ಕ ಹೊಕ್ಕೈತಿ, ಸಂತಿಗೆ ಹೊಕ್ಕೈತಿ. ಲೈಟ್ ಇಲ್ಲಂದ್ರ ಚಿಂತಿನೂ ಇಲ್ಲ ನೋಡ್ರಿ.

ಹಳೇ ಡಿಪೋ · ರಾತ್ರಿ 10:31

ತಮ್ಮಾ, ಓಡಸಬ್ಯಾಡ. ಗಾಡಿ ಮನೀ ಮುಂದ ನಿಂದ್ರಲಿ.

ನಾ ಬಸ್ಸಿನ ಡಿಪೋದಾಗ ಪಾನಾ ಹಿಡದು ತಲಿ ಹಣ್ಣು ಮಾಡಕೊಂಡಾಂವ. ಬಸ್ಸಾದ್ರೂ ಅಷ್ಟ, ಬೈಕಾದ್ರೂ ಅಷ್ಟ, ಆ ಗಿಂಡಿ ಹತ್ತಿದ್ರ ಅದು "ಆಯಿಲ್ ಕಡಿಮಿ ಆಗೇತಿ" ಅಂತ ಹೇಳೂದಿಲ್ಲ. "ಆಯಿಲ್ ಇಲ್ಲಿತನಕ ಬಂದು ಮುಟ್ಟವಲ್ದು" ಅಂತ ಹೇಳತೈತಿ. ಮನೀ ಮ್ಯಾಲಿನ ಟಾಕಿ ತುಂಬೈತಿ, ಆದ್ರ ನಳದಾಗ ನೀರು ಬರವಲ್ದು ಅಂದ್ರ ಟಾಕಿ ನೋಡಿ ಸಮಾಧಾನ ಮಾಡಕೊಂತಿಯೇನು? ನೀ ಕಿಟಕಿಯೊಳಗ ನೋಡಿದ್ದು ಟಾಕಿ.

ಕೆಲವು ಗಾಡಿಗೆ, ಯಮಹಾದ ಆರ್1ದಂಥಾವಕ್ಕ, ಲೆವೆಲ್ ನೋಡೂ ತೇಲುಬುಡ್ಡಿ ಸ್ವಿಚ್ ಇರ್ತೈತಿ. ಅದರ ಲೈಟು ಏರಿನ್ಯಾಗ, ಬ್ರೇಕ್ ಹಾಕಿದಾಗ ಸುಮ್ಮನ ಮಿಣುಕಬಹುದು. ನಿಂದು ಯಾವುದು ಅಂತ ಪುಸ್ತಕ ತಗದು ನೋಡು. ಪ್ರೆಶರಿಂದೇ ಆಗಿದ್ರ ಮೂರು ಮಾತು ಹೇಳು.

ಲೈಟ್ ಹತ್ತೂದು ಇಂಜಿನ್ ಕಾದು ನಿಂತಾಗೋ, ಜೋರಿನ್ಯಾಗೋ? ನೀ ಜೋರಿನ್ಯಾಗ ಅಂತೀ, ಪಕ್ಕಾ ಮಾಡು. ಮುಂಜಾನೆ ಚಾಲೂ ಮಾಡಿದಾಗ ಲೈಟ್ ಆರಾಕ ಎಷ್ಟೊತ್ತು ತಗೋತೈತಿ? ಕಡೀಕ ಇಂಜಿನ್ ಬಿಚ್ಚಿದ್ದು ಯಾವಾಗ, ಯಾತಕ್ಕ?

ಉಣಕಲ್ ಸವಾರ · ರಾತ್ರಿ 10:58

ಕಾಕಾ, ಪುಸ್ತಕ ನೋಡಿದೆ, ಪ್ರೆಶರ್ ಸ್ವಿಚ್ಚ.

ಜೋರಿನ್ಯಾಗ ಮಾತ್ರ ಹತ್ತತೈತಿ, 6,000 ಆರ್‌ಪಿಎಮ್ ಹತ್ರ. ಚನ್ನಮ್ಮ ಸರ್ಕಲ್ಲಿನ್ಯಾಗ ಹತ್ತು ನಿಮಿಷ ಬೇಯಿಸಿದ್ರೂ ನಿಂತಲ್ಲೆ ಒಮ್ಮಿನೂ ಹತ್ತಿಲ್ಲ.

ಎರಡನೇದು ನೀವು ಕೇಳಿದ ಮ್ಯಾಲೆ ನೆನಪಾತು. ಮೊದಲ ಬಟನ್ ಒತ್ತಿ ಕೈ ತಗಿಯೂದ್ರೊಳಗ ಆರತಿತ್ತು. ಈಗ ಒಂದ್, ಎರಡ್, ಮೂರ್, ನಾಕ್ ಅಂತ ಎಣಿಸಬೇಕು. ಛಳಿಗೆ ಹಂಗ ಆಗ್ತೈತಿ ಅಂತ ಬಿಟ್ಟಿದ್ದೆ.

ಮೂರನೇದು, 1,800 ಕಿ.ಮೀ. ಹಿಂದ ಕ್ಲಚ್ ಪ್ಲೇಟ್ ಹಾಕಿಸೀನಿ. ಬಲಗಡೆ ಕವರ್ ಬಿಚ್ಚಿದ್ರು. ಆಯಿಲ್, ಫಿಲ್ಟರ್ ಅವತ್ತ ಬದಲಿ ಆಗ್ಯಾವ.

ಜುಬಿಲಿ ಸರ್ಕಲ್ · ರಾತ್ರಿ 11:20

ಗಿರ್ಮಿಟ್ ಅಣ್ಣಾ ಹೇಳಿದ್ದು ಕೇಳಬ್ಯಾಡ್ರಿ, ನಾ ಕೇಳಿ ಕೆಟ್ಟೀನಿ. (ಅವರ ಮಾತಲ್ಲ, ಅಂಥಾವರ ಮಾತು.)

ಕಾಲೇಜಿನ್ಯಾಗಿದ್ದಾಗ ಕಲಘಟಗಿ ರೋಡಿಗೆ ಗಿಂಡಿ ಹತ್ತಿತ್ತು. ಹಿಂದ ಕುಂತ ಗೆಳ್ಯಾ "ಸೆನ್ಸರ್ ಲೇ, ನಡಿ" ಅಂದ. ಮಳಿ ಬರೂಹಂಗಿತ್ತು, ನಡದ್ವಿ. ಒಂದೈದು ಕಿಲೋಮೀಟರ್ ಆಗಿರಬೇಕು. ಮೊದಲ ಡಬ್ಬಿಯೊಳಗ ಗೋಲಿ ಹಾಕಿ ಅಲ್ಲಾಡಿಸಿದಂಗ ಸಪ್ಪಳ, ಆಮ್ಯಾಲೆ ಹಿಂದಿನ ಗಾಲಿ ಕಚ್ಚಿಕೊಂತು. ಕ್ಲಚ್ ಹಿಡದಿದ್ದಕ್ಕ ಬೀಳಲಿಲ್ಲ. ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಹೆಡ್ ಎಲ್ಲಾ ಹೋಗಿತ್ತು. 38,000 ರೂಪಾಯಿ. ಅಪ್ಪ ಒಂದು ವರ್ಷ ಮಾತಿಗೊಮ್ಮೆ ಅದನ್ನ ತಗೀತಿದ್ರು. ಆಯಿಲ್ ಎಲ್ಲಿ ಹೋಗಿತ್ತಂದ್ರ, ಡ್ರೇನ್ ನಟ್ ಸಡ್ಲಾಗಿ ದಾರಿಯುದ್ದಕ್ಕೂ ಗೆರಿ ಹೊಡದಿತ್ತು. ಹತ್ತಿದ ಕೂಡಲೆ ಬಂದ್ ಮಾಡಿದ್ರ ಒಂದು ನಟ್ಟು, ಒಂದು ಡಬ್ಬಿ ಆಯಿಲ್‌ನ್ಯಾಗ ಮುಗೀತಿತ್ತು.

ಗಿರ್ಮಿಟ್ ಪ್ರಿಯ · ರಾತ್ರಿ 11:26

ಸರಿ ಸರಿ. ನಂದು ಖರೇನ ಸೆನ್ಸರ್ ಆಗಿತ್ತು, ಅದಕ್ಕ ಹೇಳಿದೆ.

ವಿದ್ಯಾನಗರ ಟೀಚರ್ · ಭಾನುವಾರ, ಬೆಳಿಗ್ಗೆ 7:15

ಗಿರ್ಮಿಟ್ ಅವರ ಮಾತು ಪೂರ್ತಿ ತಪ್ಪೇನಲ್ಲ. ಸ್ವಿಚ್ ಕೆಡುವುದು ಇದ್ದದ್ದೇ. ಆದರೆ ಪರೀಕ್ಷೆ ಮಾಡದೆ ಅದರ ಮೇಲೆ ಗೂಬೆ ಕೂರಿಸಬಾರದು ಅಷ್ಟೆ. ನಾನು ಭೌತಶಾಸ್ತ್ರ ಕಲಿಸುವವಳು, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ಆ ಸ್ವಿಚ್ಚಿಗೆ ಒಂದೇ ವಾಯರ್. ಇನ್ನೊಂದು ತುದಿ ಇಂಜಿನ್ನಿನ ಮೈಯೇ. ಒತ್ತಡ ಇಲ್ಲದಿರುವಾಗ ಒಳಗಿನ ಸಂಪರ್ಕ ಕೂಡಿರುತ್ತದೆ, ಕರೆಂಟು ಇಂಜಿನ್ನಿಗೆ ಇಳಿಯುತ್ತದೆ, ಲೈಟ್ ಉರಿಯುತ್ತದೆ. ಅದಕ್ಕೇ ಚಾವಿ ತಿರುವಿದಾಗ, ಇಂಜಿನ್ ಶುರುವಾಗುವ ಮೊದಲು, ಗಿಂಡಿ ಕಾಣಬೇಕು. ಇಂಜಿನ್ ಶುರುವಾಗಿ ಆಯಿಲ್ ಒಳಗಿನ ಪರದೆಯನ್ನು ತಳ್ಳಿದರೆ ಸಂಪರ್ಕ ಬಿಡುತ್ತದೆ, ಲೈಟ್ ಆರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಇದು 3ರಿಂದ 7 ಪಿಎಸ್‌ಐ (ಒತ್ತಡದ ಅಳತೆ) ನಡುವೆ ಎಲ್ಲೋ ಆಗುತ್ತದೆ. ನಿಮ್ಮ ಟೈರಿನಲ್ಲೇ 30ರ ಆಸುಪಾಸು ಗಾಳಿ ಇರುತ್ತದೆ. ಅಂದರೆ ಗಿಂಡಿ ಹೊತ್ತಿಕೊಳ್ಳುವ ಹೊತ್ತಿಗೆ ಒತ್ತಡ ಹೆಚ್ಚೂಕಡಿಮೆ ಸತ್ತೇ ಹೋಗಿರುತ್ತದೆ. ಇದನ್ನು ತಿರುಗಿಸಿಯೂ ಓದಬೇಕು: ಲೈಟ್ ಆರಿದೆ ಅಂದರೆ ಎಲ್ಲ ಚೆನ್ನಾಗಿದೆ ಅಂತ ಅಲ್ಲ. 60 ಇರಬೇಕಾದ ಕಡೆ 15 ಇದ್ದರೂ ಆ ಲೈಟ್ ಬಾಯಿ ಬಿಡುವುದಿಲ್ಲ.

ಈಗ ಪರೀಕ್ಷೆ. ಇಂಜಿನ್ ಬಂದ್ ಇರಲಿ, ಚಾವಿ ಆನ್ ಇರಲಿ. ಸ್ವಿಚ್ಚಿನ ವಾಯರ್ ಕೀಳಿ. ಲೈಟ್ ಆರಬೇಕು. ಆರದಿದ್ದರೆ ವಾಯರ್ ದಾರಿಯಲ್ಲಿ ಎಲ್ಲೋ ಸವೆದು ಚಾಸಿಗೆ ತಗಲುತ್ತಿದೆ, ಆಯಿಲ್‌ಗೂ ಅದಕ್ಕೂ ಸಂಬಂಧವಿಲ್ಲ. ಕಿತ್ತ ತುದಿಯನ್ನು ಇಂಜಿನ್ನಿನ ಬರಿ ಲೋಹಕ್ಕೆ ಮುಟ್ಟಿಸಿದರೆ ಮತ್ತೆ ಉರಿಯಬೇಕು. ಎರಡೂ ಸರಿ ಬಂದರೆ ವಾಯರ್ ನಿರ್ದೋಷಿ. ಉಳಿದದ್ದು ಸ್ವಿಚ್ ಅಥವಾ ನಿಜವಾದ ಒತ್ತಡ. ಅವೆರಡರಲ್ಲಿ ಯಾವುದು ಅಂತ ಹೇಳಲು ಒತ್ತಡ ಅಳೆಯುವ ಗೇಜ್ ಬೇಕು.

ಬ್ಯಾಡಗಿ ಕಡ್ಡಿ · ಭಾನುವಾರ, ಬೆಳಿಗ್ಗೆ 8:02

ಮೇಡಂ, ನಂದು ಇದಕ್ಕ ಉಲ್ಟಾ. ಚಾವಿ ತಿರುವಿದ್ರೂ ಗಿಂಡಿ ಹತ್ತಂಗಿಲ್ಲ. ಮೊದಲ ಹತ್ತತಿತ್ತು, ದೀಪಾವಳಿ ಆದಮ್ಯಾಲೆ ಹತ್ತಿಲ್ಲ. ನಾ ಗಾಡಿ ಸುಧಾರಿಸೇತಿ ಅಂತ ಖುಷಿಯಾಗಿದ್ದೆ. 😀

ಹಳೇ ಡಿಪೋ · ಬೆಳಿಗ್ಗೆ 8:20

ನಿಂದು ಉಣಕಲ್ ತಮ್ಮಗಿಂತ ಕೆಟ್ಟ. ಅವನ ನಾಯಿ ಬೊಗಳಾಕತ್ತೇತಿ, ನಿನ್ನ ನಾಯಿ ಸತ್ತೈತಿ. ಚಾವಿ ಆನ್ ಮಾಡಿ ಸ್ವಿಚ್ಚಿನ ವಾಯರ್ ಇಂಜಿನ್ನಿಗೆ ಮುಟ್ಟಿಸು. ಗಿಂಡಿ ಹತ್ತಿದ್ರ ಸ್ವಿಚ್ ಸತ್ತೈತಿ. ಹತ್ತಲಿಲ್ಲಂದ್ರ ವಾಯರ್ ತುಂಡಾಗೇತಿ, ಇಲ್ಲಾ ಬಲ್ಬ್ ಹೋಗೇತಿ. ಮೆಣಸಿನಕಾಯಿ ಚೀಲದ ಗ್ವಾಡೌನಿನ್ಯಾಗ ಗಾಡಿ ನಿಂದ್ರಸ್ತಿಯೇನು? ಇಲಿ ಇರ್ತಾವ ನೋಡು.

ಬ್ಯಾಡಗಿ ಕಡ್ಡಿ · ಬೆಳಿಗ್ಗೆ 8:24

ಕಾಕಾ, ಗ್ವಾಡೌನಿನ್ಯಾಗ ನಿಂದ್ರಸೂದು ನಿಮಗ ಹೆಂಗ ಗೊತ್ತಾತು?!

ಎರಿ ಹೊಲ · ಬೆಳಿಗ್ಗೆ 9:10

ಇಷ್ಟೆಲ್ಲಾ ಯಾಕ್ರೀ? ದಪ್ಪನ ಆಯಿಲ್ ಹಾಕ್ರಿ, ಪ್ರೆಶರ್ ತಾನ ಏರ್ತೈತಿ. ನಾ ಟ್ರ್ಯಾಕ್ಟರಿಗೆ ತಂದ ಕ್ಯಾನಿನ್ಯಾಗಿಂದ ಬೈಕಿಗೂ ಹಾಕ್ತೀನಿ.

ಹಳೇ ಡಿಪೋ · ಬೆಳಿಗ್ಗೆ 9:45

ಗೌಡ್ರ, ನಿಮ್ಮ ಹೊಲದಾಗ ನಿಮ್ಮ ಮಾತ ನಡೀಲಿ, ಇಲ್ಲಿ ಬ್ಯಾಡ. ಬೈಕಿನ ಕ್ಲಚ್ ಆಯಿಲ್‌ನ್ಯಾಗ ಮುಳುಗಿ ಕುಂತಿರ್ತೈತಿ. ಅದಕ್ಕ ಡಬ್ಬಿ ಮ್ಯಾಲೆ ಜಾಸೋ ಎಮ್ಎ ಇಲ್ಲಾ ಎಮ್ಎ2 (ಬೈಕಿನ ಆಯಿಲ್ ಗುರುತು) ಅಂತ ಇರೂದ ನೋಡಿ ತರಬೇಕು. ಕಾರಿಗೆ ಬರೂ ತೆಳ್ಳನ ಆಯಿಲ್‌ನ್ಯಾಗ ಜಾರಿಕಿ ಮದ್ದು ಹಾಕಿರ್ತಾರ, ಅದು ಕ್ಲಚ್ಚಿಗೆ ಬಿತ್ತಂದ್ರ ಇಂಜಿನ್ ಕೂಗತೈತಿ, ಗಾಡಿ ಮುಂದ ಹೋಗಂಗಿಲ್ಲ. ಇನ್ನ ದಪ್ಪಂದು ಹಾಕಿದ್ರ ಗೇಜಿನ್ಯಾಗ ಸೂಜಿ ಏರ್ತೈತಿ ಖರೆ. ಹೀರೂ ದಾರಿ ಕಟ್ಟಿತ್ತಂದ್ರ ದಪ್ಪಂದು ಮತ್ತೂ ಬರಂಗಿಲ್ಲ. ರೋಗ ಯಾವುದು ಅಂತ ತಿಳಿಯೂದ್ರೊಳಗ ಮದ್ದು ಹಾಕಬಾರದು.

ಸ್ಪ್ಲೆಂಡರಿಗೆ ಲೈಟ್ ಇಲ್ಲ, ಆ ಚಿಂತಿ ನೀವ ಮಾಡಬೇಕು. ಸ್ಟ್ಯಾಂಡ್ ಹಾಕಿ ನೆಟ್ಟಗ ನಿಂದ್ರಿಸಿ, ಎರಡು ಮೂರು ನಿಮಿಷ ಚಾಲೂ ಇಟ್ಟು, ಬಂದ್ ಮಾಡಿ ಮತ್ತ ಅಷ್ಟ ಹೊತ್ತು ಬಿಟ್ಟು, ಆಯಿಲ್ ನೋಡೂ ಕಡ್ಡಿ ಒರಸಿ ಹಾಕಿ ನೋಡ್ರಿ. ಕಡ್ಡಿ ತಿರುವಿ ಕೂಡಿಸಬ್ಯಾಡ್ರಿ, ಸುಮ್ಮನ ಇಳಿಬಿಟ್ಟು ತಗೀರಿ. ಕಡೀಕ ಯಾವಾಗ ನೋಡೀರಿ?

ಎರಿ ಹೊಲ · ಬೆಳಿಗ್ಗೆ 9:58

ನೆನಪಿಲ್ಲ.

ಎರಿ ಹೊಲ · ಬೆಳಿಗ್ಗೆ 10:20

ನೋಡಿದೆ. ಕಡ್ಡಿ ತುದೀಗೆ ಒಂದು ಹನಿ ಹತ್ತೈತಿ ಅಷ್ಟ. ಪ್ಯಾಟಿಗೆ ಹೊಂಟೀನಿ.

ಉಣಕಲ್ ಸವಾರ · ಬುಧವಾರ, ರಾತ್ರಿ 8:30

ವಾಯರ್ ಪರೀಕ್ಷೆ ಭಾನುವಾರನ ಮಾಡಿದೆ. ಕಿತ್ರ ಆರ್ತೈತಿ, ಮುಟ್ಟಿಸಿದ್ರ ಹತ್ತತೈತಿ. ವಾಯರ್ ಚಲೋ ಐತಿ. ತುದೀಗೆ ಇರೂ ರಬ್ಬರ್ ಟೋಪಿಗಿ ಒಡದು ಒಳಗ ಎರಿ ಮಣ್ಣು ಕುಂತಿತ್ತು, ತಗದು ಒರಸಿದೆ.

ಆಮ್ಯಾಲೆ, ಕಾಕಾ ಬೈಬ್ಯಾಡ್ರಿ, ಗಿರ್ಮಿಟ್ ಮಾತು ತಲಿಯೊಳಗ ಕುಂತಿತ್ತು. 450 ರೂಪಾಯಿ ಕೊಟ್ಟು ಹೊಸಾ ಸ್ವಿಚ್ ತಂದು ಹಚ್ಚಿದೆ. ಮನೀ ಮುಂದ ಸ್ಟ್ಯಾಂಡ್ ಮ್ಯಾಲೆ ನಿಂದ್ರಿಸಿ ಒಂದೆರಡು ಸೆಕೆಂಡ್ ಕೂಗಿಸಿದೆ. 6,000ಕ್ಕ ಮತ್ತ ಮಿಣಕ್.

ಗಿರ್ಮಿಟ್ ಪ್ರಿಯ · ರಾತ್ರಿ 8:33

450 ನನ್ನ ಲೆಕ್ಕಕ್ಕ ಬರ್ಕೋ. ಸಿಕ್ಕಾಗ ಗಿರ್ಮಿಟ್ಟು ಮಿರ್ಚಿ ನಂದು.

ಹಳೇ ಡಿಪೋ · ರಾತ್ರಿ 9:02

ಬೈಯಾಂಗಿಲ್ಲ. ಈಗ ಸ್ವಿಚ್ ಅಲ್ಲ ಅಂತ ರೊಕ್ಕ ಕೊಟ್ಟು ಕಲತಿ. ಆದ್ರ ಇನ್ನ ಮ್ಯಾಲೆ ಕೂಗಸಬ್ಯಾಡ. ಗೇಜ್ ಹಚ್ಚೂಣು.

ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಹೈಡ್ರಾಲಿಕ್ ಪೈಪ್ ಮಾಡೂ ಅಂಗಡಿ ಅದಾವ. ಹಳೇ ಸ್ವಿಚ್ ಕೈಯಾಗ ಹಿಡಕೊಂಡು ಹೋಗು, "ಇದರ ಆಟೆ (ಸ್ಕ್ರೂ ಸುತ್ತು) ಇರೂ ನಿಪ್ಪಲ್, ಮಾರುದ್ದ ಪೈಪು, 7 ಕೆಜಿ ಗೇಜು" ಅನ್ನು. ಜಪಾನಿ ಗಾಡಿಗಳಾಗ ಹೆಚ್ಚಾಗಿ 1/8 ಇಂಚಿನ ಟೇಪರ್ (ತುದೀಗೆ ಸಣ್ಣಾಗೂ) ಆಟೆ ಇರ್ತೈತಿ, ಸೀದಾ ಆಟೆದು ಹಾಕಿ ಬಿಗಿದ್ರ ಇಂಜಿನ್ ಕೇಸ್ ಕೆಡಬಹುದು, ಅದಕ್ಕ ಸ್ವಿಚ್ ತೋರಿಸಿ ತಗೋ. ಹವಾ ನೋಡೂ ಗೇಜ್ ತರಬ್ಯಾಡ.

ಉಣಕಲ್ ಸವಾರ · ಶನಿವಾರ, ಸಂಜೆ 6:50

ಗೇಜ್ ಹಚ್ಚಿದೆ. ಪೈಪು, ನಿಪ್ಪಲ್, ಗೇಜ್ ಎಲ್ಲಾ ಸೇರಿ 1,150 ಆತು.

ಇಂಜಿನ್ ಚಲೋ ಕಾಯಿಸಿ ನೋಡಿದ್ದು, ಪಿಎಸ್‌ಐ ಲೆಕ್ಕದಾಗ. ನಿಂತಲ್ಲೆ 18. ಮೆಲ್ಲಕ ಏರಿಸಿದೆ, 3,000ಕ್ಕ 38. ಇಲ್ಲೀತನಕ ಖುಷಿ. 4,000ಕ್ಕ ಅಲ್ಲೇ ನಿಂತು, 5,000ಕ್ಕ ಏರೂದು ಬಿಟ್ಟು ಇಳೀತು. ಸೂಜಿ ಸುಮ್ಮನ ನಿಂದ್ರವಲ್ದು, ಜ್ವರ ಬಂದವರ ಕೈಯಂಗ ನಡಗತೈತಿ. 20, 12, ಮತ್ತ 20. ಅಷ್ಟಕ್ಕ ಬಂದ್ ಮಾಡಿದೆ. ಪುಸ್ತಕದಾಗ 5,000ಕ್ಕ 60ರ ಮ್ಯಾಲೆ ಇರಬೇಕು ಅಂತ ಬರದಾರ.

ಕಾಕಾ, ಪಂಪ್ ಹೋತೇನು?

ಹಳೇ ಡಿಪೋ · ಸಂಜೆ 7:25

ಇಲ್ಲ. ಪಂಪ್ ಚಲೋ ಐತಿ ಅನಸ್ತೈತಿ, ಕುಡ್ಯಾಕ ಸಿಗವಲ್ದು.

ಎಳನೀರು ಪೈಪ್ ಹಾಕ್ಕೊಂಡು ಕುಡಿಯೂ ಮುಂದ ತಳದಾಗಿನ ಗಂಜಿ ಬಂದು ಪೈಪಿನ ಬಾಯಿಗೆ ಕುಂತಿತ್ತಂದ್ರ ಏನ್ ಆಗ್ತೈತಿ? ಸಾವಕಾಶ ಹೀರಿದ್ರ ಬರ್ತೈತಿ. ಜಗ್ಗಿ ಹೀರಿದ್ರ ಪೈಪ ಚಪ್ಪಟಿ ಆಗ್ತೈತಿ, ಬಾಯಿಗೆ ಬರೀ ಗಾಳಿ. ನಿನ್ನ ಸೂಜಿ ನಡಗೂದು ಆ ಗಾಳಿಗೆ.

ಬೇರಿಂಗ್ ಸವದಿದ್ರ ಉಲ್ಟಾ ಆಗ್ತಿತ್ತು. ಕಾದ ಇಂಜಿನ್ನು ನಿಂತಲ್ಲೆ ಗಿಂಡಿ ಹತ್ತತಿತ್ತು, ಏರಿಸಿದ್ರ ಆರ್ತಿತ್ತು, ಯಾಕಂದ್ರ ಸವದ ಸಂದಿಯೊಳಗ ತೆಳ್ಳನ ಆಯಿಲ್ ಹರದು ಹೊಕ್ಕೈತಿ, ಪಂಪ್ ಜೋರಾಗಿ ತಿರಗಿದ್ರ ತುಂಬಿಕೊಡತೈತಿ. ಆಯಿಲ್‌ನ್ಯಾಗ ಪೆಟ್ರೋಲ್ ಕೂಡಿ ತೆಳ್ಳಗಾಗಿದ್ರೂ ಹಂಗ. ಹೆಚ್ಚಾದ ಪ್ರೆಶರ್ ಬಿಡೂ ರಿಲೀಫ್ ವಾಲ್ವ್ ತೆರದಂಗ ಸಿಕ್ಕಿದ್ರ ಎಲ್ಲಾ ಕಡೆ ಕಡಿಮಿ ತೋರಸ್ತಿತ್ತು. ಅದಕ್ಕ ಮೊದಲ ದಿನ ಕೇಳಿದ್ದು, ನಿಂತಾಗೋ ಜೋರಿನ್ಯಾಗೋ ಅಂತ.

ಕವರ್ ಬಿಚ್ಚಿ 1,800 ಕಿಲೋಮೀಟರ್ ಅಂದಿ. ನಾಳೆ ಮುಂಜಾನೆ ಬರ್ತೀನಿ. ನವನಗರದಿಂದ ಚಿಗರಿ ಬಸ್ ಹಿಡದ್ರ ಉಣಕಲ್ ಎಷ್ಟು ದೂರ. ಚಹಾ ಇಡು, 8, 10, 12 ನಂಬರ್ ಪಾನಾ ಇಡು, ಅಗಲ ಬುಟ್ಟಿ ಒಂದು.

ಉಣಕಲ್ ಸವಾರ · ಭಾನುವಾರ, ರಾತ್ರಿ 9:15

ಪೂರ್ತಿ ಬರೀತೀನಿ, ಇಂಥಾದು ನಾ ನೋಡಿದ್ದಿಲ್ಲ.

ಕಾಕಾ ಎಂಟಕ್ಕ ಬಂದ್ರು, ಕೈಯಾಗ ಹಳೇ ಧೋತರದ ತುಂಡು. ಬನಿಯನ್ ಅರಿವಿ ಬ್ಯಾಡ, ಎಳಿ ಬಿಡತೈತಿ, ಮತ್ತ ಅದ ಹೋಗಿ ಒಳಗ ಕುಂಡ್ರತೈತಿ ಅಂದ್ರು. ಆಯಿಲ್ ಬುಟ್ಟಿಗೆ ಇಳಿಸಿದ್ವಿ. ಬೆರಳಿಗೆ ಹಚ್ಚಿ ತಿಕ್ಕಿ ಮೂಸಿದ್ರು: ಪೆಟ್ರೋಲ್ ವಾಸ್ನಿ ಇಲ್ಲ, ಹಾಲು ಹಾಕಿದ ಚಹಾದಂಗ ಬೆಳ್ಳಗೂ ಆಗಿಲ್ಲ, ಅಂದ್ರ ನೀರು ಕೂಡಿಲ್ಲ. ನನ್ನ ಗಾಡಿಗೆ ಸೈಲೆನ್ಸರ್ ಪೈಪ್ ಅಡ್ಡ ಬರ್ತೈತಿ, ಅದನ್ನ ಬಿಚ್ಚಾಕ ಒಂದು ತಾಸು ಹೋತು. ಆಯಿಲ್ ಪ್ಯಾನಿಗೆ ಹದಿಮೂರು ಬೋಲ್ಟು. ಒಂದು ಉಳಕೊಂಡಿತ್ತು ಅಂತ ಗೊತ್ತಿಲ್ಲದ ನಾ ಜಗ್ಗಾಕತ್ತಿದ್ದೆ, ಕೈ ಮ್ಯಾಲೆ ಒಂದು ಬಡದ್ರು.

ಪ್ಯಾನ್ ಇಳೀತು. ಮ್ಯಾಲೆ ಹೀರೂ ಮೂತಿ, ಅದಕ್ಕ ರೊಟ್ಟಿ ಕಲ್ಲಿನಾಕಾರದ ಸಣ್ಣ ಜಾಳಗಿ. ಜಾಳಗಿ ಕಾಣವಲ್ದು. ಶಾವಿಗಿ ಬಸದು ಜರಡಿಯೊಳಗ ಬಿಟ್ಟಂಗ ಕೆಂಪನ ಎಳಿ, ಒಂದರ ಮ್ಯಾಲೊಂದು. ಸಿಲಿಕಾನ್ ಗಮ್ಮು. ನಡುವ ಹಳೇ ಕ್ಲಚ್ ಪ್ಲೇಟಿಂದು ಕಪ್ಪ ಹೊಟ್ಟು ಕುಂತು ಸಂದಿ ಮುಚ್ಚೈತಿ. ಕಾಕಾ ಒಂದು ಎಳಿ ಚಿಮಟದಾಗ ಹಿಡದು ಬಿಸಲಿಗೆ ಎತ್ತಿ ತೋರಿಸಿದ್ರು, ಒಂದು ಮಗ್ಗಲಾ ಚಪ್ಪಟಿ, ಇನ್ನೊಂದು ಮಗ್ಗಲಾ ದುಂಡಗ. "ಕವರಿನ ಸಂದಿಯಿಂದ ಒಳಗ ಹಿಂಡಿಕೊಂಡು ಬಂದದ್ದು ಇದು, ಕವರಿನ ಅಚ್ಚ ಮೂಡೇತಿ ನೋಡು" ಅಂದ್ರು. ಎಣಿಸಿದೆ, ದೊಡ್ಡ ಎಳಿನ ಹನ್ನೊಂದು. ಅರ್ಧ ಜಾಳಗೀನೂ ತೆರದಿದ್ದಿಲ್ಲ.

ತೊಳದು, ಹವಾ ಹೊಡದು, ಮೂತಿ ಬುಡದ ಓ-ರಿಂಗ್ ಹೊಸಾದು ಹಾಕಿ ಮುಚ್ಚಿದ್ವಿ. ಆ ರಿಂಗ್ ಸೀಳಿದ್ರೂ ಪಂಪ್ ಗಾಳಿ ಹೀರತೈತಂತ. ಬಲಗಡೆ ಕವರೂ ಬಿಚ್ಚಿ ಒಳಗ ಜೋತಾಡಾಕತ್ತಿದ್ದ ಗಮ್ ಎಲ್ಲಾ ಕೆರದು ತಗದ್ವಿ, ಇಲ್ಲಂದ್ರ ತಿಂಗಳೊಪ್ಪತ್ತಿಗೆ ಮತ್ತ ಅದ ಕಥಿ. ಕವರಿನ ಸಂದಿಗೆ ಕುಂಡ್ರೂ ಹೊಸಾ ಪೇಪರ್ ಗ್ಯಾಸ್ಕೆಟ್, ಹೊಸಾ ಫಿಲ್ಟರ್, ಪುಸ್ತಕದಾಗ ಹೇಳಿದ 10ಡಬ್ಲ್ಯು-40 ಆಯಿಲ್.

ಗೇಜ್: ಕಾದ ಮ್ಯಾಲೆ ನಿಂತಲ್ಲೆ 19, 3,000ಕ್ಕ 41, 5,000ಕ್ಕ 64. ಸೂಜಿ ಗೋಡಿಗೆ ಬಡದ ಮೊಳಿಯಂಗ ನಿಂತೈತಿ.

ಜುಬಿಲಿ ಸರ್ಕಲ್ · ರಾತ್ರಿ 9:22

ಶಾವಿಗಿ!! ಫೋಟೋ ಹಾಕ್ರಿ. ಯಾವ ಗ್ಯಾರೇಜ್ ಅದು, ಹೆಸರು ಹೇಳ್ರಿ, ನಾವೂ ಹುಷಾರಾಗ್ತೀವಿ.

ಉಣಕಲ್ ಸವಾರ · ರಾತ್ರಿ 9:30

ಹೆಸರು ಬ್ಯಾಡ. ಹೋಗಿ ಎಳಿ ತೋರಿಸೇನಿ. ಆ ಹುಡುಗನ ಮಾರಿ ಸಣ್ಣದಾತು. ಗ್ಯಾಸ್ಕೆಟ್ ಹರದಿತ್ತು, ಹುಬ್ಬಳ್ಳ್ಯಾಗ ಸಿಗಲಿಲ್ಲ, ನಾನ "ಇವತ್ತ ಸಂಜಿಗೆ ಗಾಡಿ ಬೇಕು" ಅಂತ ಕುತಗಿ ಮ್ಯಾಲೆ ಕುಂತಿದ್ದೆ. ಹಳೇದಕ್ಕ ಗಮ್ ಬಳದು ಕೊಟ್ಟಾನ. ನಂದೂ ಪಾಲು ಐತಿ.

ವಿದ್ಯಾನಗರ ಟೀಚರ್ · ರಾತ್ರಿ 10:05

ಬಹಳ ಸಂತೋಷ. ಆದರೆ ಒಂದು ಬಾಕಿ ಇದೆ. ಅಣ್ಣಿಗೇರಿ ಹತ್ತಿರ ಎಷ್ಟು ಹೊತ್ತು ಲೈಟ್ ಹೊತ್ತಿಕೊಂಡೇ ಓಡಿಸಿದ್ದೀರಿ? ಬೇರಿಂಗ್ ಮತ್ತು ಕ್ರ್ಯಾಂಕ್ ನಡುವಿನ ಸಂದಿ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಅಲ್ಲಿ ಆಯಿಲ್ ಪದರ ಹರಿದರೆ ಲೋಹ ಲೋಹವನ್ನೇ ತಿನ್ನುತ್ತದೆ. ಇಳಿಸಿದ ಫಿಲ್ಟರ್ ಎಸೆದಿಲ್ಲ ತಾನೆ? ಅದನ್ನು ಕೊಯ್ದು ಕಾಗದ ಬಿಡಿಸಿ, ಹಿಂಡಿ, ಬಿಸಿಲಿನಲ್ಲಿ ನೋಡಿ. ಅಯಸ್ಕಾಂತ ಮಾತ್ರ ಆಡಿಸಿ ಏನೂ ಹತ್ತಲಿಲ್ಲ ಅಂತ ನೆಮ್ಮದಿ ಪಡಬೇಡಿ. ಬೇರಿಂಗಿನ ಮೇಲ್ಪದರ ಅಲ್ಯೂಮಿನಿಯಮ್ಮೋ ತಾಮ್ರ, ತವರದ್ದೋ ಆಗಿರುತ್ತದೆ, ಅದು ಅಯಸ್ಕಾಂತಕ್ಕೆ ಬರುವುದಿಲ್ಲ.

ಹಳೇ ಡಿಪೋ · ರಾತ್ರಿ 10:20

ಟೀಚರಮ್ಮ ಸರಿಯಾಗಿ ಹಿಡದ್ರು. ನಾ ಮರತು ಬಂದೆ, ವಯಸ್ಸಾತು. ತಮ್ಮಾ, ಹ್ಯಾಕ್ಸಾ ಬ್ಯಾಡ, ಅದರ ಪುಡಿನ ಒಳಗ ಬಿದ್ದು ನಿನ್ನ ಹೆದರಸ್ತೈತಿ. ನಿಂದು ಬರೀ ಕಾಗದದ ಫಿಲ್ಟರ್, ಬ್ಲೇಡಿನ್ಯಾಗ ಕೊಯ್ಯಿ.

ಅಂದಂಗ ಫಿಲ್ಟರ್ ಮಾತು ಬಂತು. ಇಂಥಾ ಕಾಗದದ ಫಿಲ್ಟರಿಗೆ ಒಳಮಗ್ಗಲಾ ಹೊರಮಗ್ಗಲಾ ಇರ್ತೈತಿ, ಹೊರಗ ಯಾವುದು ಅಂತ ಕೆಲವದರ ಮ್ಯಾಲೆ ಬರದಿರ್ತಾರ. ಉಲ್ಟಾ ಹಾಕಿದ್ರ ಆಯಿಲ್ ದಾರಿ ಮುಚ್ಚತೈತಿ. ಸರ್ವಿಸ್ ಆದ ದಿನಾನ ಗಿಂಡಿ ಹತ್ತಿದ್ರ ಮೊದಲ ಅದನ್ನ ನೋಡ್ರಿ. ಇವಂದು 1,800 ಓಡಿತ್ತು, ಅದಕ್ಕ ನಾ ಆ ಮಾತು ತಗೀಲಿಲ್ಲ.

ಗಮ್ಮಿನ ಮಾತೂ ಹೇಳಿಬಿಡ್ತೀನಿ. ಪೇಪರ್ ಗ್ಯಾಸ್ಕೆಟ್ ಇದ್ದಲ್ಲೆ ಗಮ್ ಬ್ಯಾಡ. ಗಮ್ ಹಾಕಬೇಕು ಅಂತ ಪುಸ್ತಕದಾಗ ಇದ್ದಲ್ಲೆ ದಾರದೆಳಿಯಷ್ಟು ಹಾಕ್ರಿ. ಹೊರಗ ಹಿಂಡಿ ಬಂದದ್ದು ನಿಮಗ ಕಾಣತೈತಿ, ಅಷ್ಟ ಒಳಗೂ ಹೊಕ್ಕಿರ್ತೈತಿ.

ಉಣಕಲ್ ಸವಾರ · ಸೋಮವಾರ, ಬೆಳಿಗ್ಗೆ 7:40

ಕೊಯ್ದು ನೋಡಿದೆ. ಮಡಿಕಿ ಒಂದೊಂದ ಬಿಡಿಸಿ, ಬಿಳಿ ಹಾಳಿ ಮ್ಯಾಲೆ ಹಿಂಡಿ. ಗಮ್ಮಿನ ಸಣ್ಣ ಚೂರು ಮೂರು, ಕ್ಲಚ್ಚಿನ ಕಪ್ಪ ಹೊಟ್ಟು. ಹೊಳಿಯೂ ಪುಡಿ ಒಂದೆರಡು ಕಣ ಅಷ್ಟ, ಕಾಕಾಗ ವಾಟ್ಸಾಪಿನ್ಯಾಗ ಫೋಟೋ ಕಳಿಸಿದೆ, "ಇದು ಎಲ್ಲಾ ಗಾಡ್ಯಾಗ ಇರ್ತೈತಿ, ಮೀನ ಪರೆಯಂಗ ಚಕ್ಕಿ ಬಂದಿದ್ರ ಹೆದರಬೇಕಿತ್ತು" ಅಂದಾರ. 500 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಮತ್ತ ಬದಲಿ ಮಾಡಿ ಇನ್ನೊಮ್ಮೆ ಕೊಯ್ದು ನೋಡು ಅಂದಾರ. ಇಳಿಸಿದ ಆಯಿಲ್ ಗಟಾರಿಗೆ ಚೆಲ್ಲಬ್ಯಾಡ, ಎಲ್ಲಾ ಕಡೀಕ ಕೆರಿಗೆ ಹೊಕ್ಕೈತಿ ಅಂತ ಕ್ಯಾನಿಗೆ ತುಂಬಿಸಿ ಗ್ಯಾರೇಜಿನ ಡ್ರಮ್ಮಿಗೆ ಹಾಕಿಸಿದ್ರು.

ಲೈಟ್ ಹತ್ತಿಕೊಂಡು ಓಡಿದ್ದು ಎಲ್ಲಾ ಕೂಡಿ ಹತ್ತು ಹನ್ನೆರಡು ಸೆಕೆಂಡ್ ಇರಬೇಕು ಮೇಡಂ. ಸೂರ್ಯನ ಮ್ಯಾಲೆ ಹಾಕಿ ಇನ್ನೊಂದ ಐದು ಕಿಲೋಮೀಟರ್ ಜಗ್ಗಿದ್ರ ಜುಬಿಲಿ ಸರ್ಕಲ್ ಅವರ ಪಾಳಿ ನಂದಾಗ್ತಿತ್ತು.

ಬ್ಯಾಡಗಿ ಕಡ್ಡಿ · ಸೋಮವಾರ, ಮಧ್ಯಾಹ್ನ 1:10

ನಂದೂ ಸಿಕ್ತು. ಟಾಕಿ ಕೆಳಗ ವಾಯರ್ ಎರಡು ತುಂಡು, ಹಲ್ಲಿನ ಗುರುತು ಹಂಗ ಅದಾವ. ಕೂಡಿಸಿ ಟೇಪ್ ಸುತ್ತಿದೆ, ಚಾವಿ ತಿರುವಿದ್ರ ಗಿಂಡಿ ಹತ್ತಿತು. ಚಾಲೂ ಮಾಡಿದೆ, ಆರಲಿಲ್ಲ.

ಹಳೇ ಡಿಪೋ · ಮಧ್ಯಾಹ್ನ 1:14

ಬಂದ್ ಮಾಡು! ಲೆವೆಲ್ ನೋಡು.

ಬ್ಯಾಡಗಿ ಕಡ್ಡಿ · ಮಧ್ಯಾಹ್ನ 1:31

ಬಂದ್ ಮಾಡೀನಿ ಕಾಕಾ. ಕಿಟಕಿಯೊಳಗ ಆಯಿಲ್ ಕಾಣವಲ್ದು, ಕೆಳಗಿನ ಗೆರಿಗಿಂತ ಕೆಳಗ ಐತಿ. ಡ್ರೇನ್ ನಟ್ಟಿನ ವಾಷರ್ ಹತ್ರ ಹಸಿ ಐತಿ. ದೀಪಾವಳಿಯಿಂದ ಹಿಂಗ ಓಡಸಾಕತ್ತೀನಿ ಅನಸ್ತೈತಿ. ಅಂಗಡಿ ಹುಡುಗನ್ನ ಆಯಿಲ್ ತರಾಕ ಕಳಿಸೀನಿ.

ಬ್ಯಾಡಗಿ ಕಡ್ಡಿ · ಮಧ್ಯಾಹ್ನ 2:20

ಹೊಸಾ ವಾಷರ್ ಹಾಕಿ ಮ್ಯಾಲಿನ ಗೆರಿತನಕ ತುಂಬಿದೆ, ಮುಕ್ಕಾಲು ಲೀಟರ್ ಹಿಡೀತು. ಚಾಲೂ ಮಾಡಿದೆ. ಮೂರು ಎಣಿಸೂದ್ರೊಳಗ ಆರಿತು. ಸಪ್ಪಳ ಏನೂ ಇಲ್ಲ. ಆದ್ರೂ ಎದಿ ಹೊಡಕೊಳ್ಳಾಕತ್ತೈತಿ. ಉಣಕಲ್ ಅಣ್ಣಾ, ಆ ಗೇಜ್ ನಿಮ್ಮ ಹತ್ರ ಐತೇನು?

ಉಣಕಲ್ ಸವಾರ · ಮಧ್ಯಾಹ್ನ 2:26

ಐತಿ. ನಾಳೆ ಹಾವೇರಿ ಕಡೆ ಕೆಲಸ ಐತಿ, ಬ್ಯಾಡಗಿತನಕ ಬಂದು ಹಚ್ಚಿಕೊಡ್ತೀನಿ. ಅಲ್ಲೀತನಕ ಚಾಲೂ ಮಾಡಬ್ಯಾಡ. ನಿಮ್ಮ ಹಳೇ ಸ್ವಿಚ್ ಬಿಚ್ಚಿ ಆಟೆ ಫೋಟೋ ಕಳಿಸು, ನಿಪ್ಪಲ್ ಕೂಡ್ತೈತೋ ಇಲ್ಲೋ ನೋಡಿ ತರ್ತೀನಿ.

ಎರಿ ಹೊಲ · ಮಧ್ಯಾಹ್ನ 2:40

ಹೊಳ್ಳಿ ಬರೂಮುಂದ ಒಂದು ಕೆಜಿ ಬ್ಯಾಡಗಿ ಮೆಣಸಿನಕಾಯಿ ತಗೊಂಬಾ ಅಣ್ಣಾ, ರೊಕ್ಕ ಕೊಡ್ತೀನಿ.